1964ರ ಸಿಜೆ3ಬಿ ಜೀಪಿಗೆ ಎಂಡಿಐ ಡೀಸೆಲ್ ಇಂಜಿನ್ ಇಳಿಸಬಹುದಾ?

ಮೆಣಸುಬಳ್ಳಿ, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ತೋಟದಲ್ಲಿ 1964ರ ಮಹೀಂದ್ರ ವಿಲ್ಲಿಸ್ ಸಿಜೆ3ಬಿ ಜೀಪಿದೆ. ಎಫ್-ಹೆಡ್ ಪೆಟ್ರೋಲ್ ಇಂಜಿನ್ (ಒಂದು ವಾಲ್ವ್ ಹೆಡ್ಡಿನಲ್ಲಿ, ಇನ್ನೊಂದು ಬ್ಲಾಕಿನಲ್ಲಿ ಇರುವ ಮಾದರಿ), 3 ಗೇರಿನ ಟಿ90 ಬಾಕ್ಸ್, 6.00-16 ಟಯರ್. ಇಂಜಿನ್, ಗೇರ್ ಬಾಕ್ಸ್, ಆಕ್ಸಲ್ ಯಾವುದೂ ಬದಲಾಗಿಲ್ಲ. ಆರ್‌ಸಿ ಚಾಲ್ತಿಯಲ್ಲಿದೆ, ಇಂಧನ ಪೆಟ್ರೋಲ್ ಎಂದು ನಮೂದಾಗಿದೆ.

ಈಗಿನ ತೊಂದರೆ: ಏರು ಹತ್ತುವಾಗ ನೀರು ಕುದಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆದ ಮೇಲೂ ಮೂರನೇ ಗೇರಿನಲ್ಲಿ ಎಳೆತವೇ ಇಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ. ತೋರಿಸಿದ ಕಡೆ "ಇಂಜಿನ್ ಮುಗಿದಿದೆ, ಎಂಡಿಐ ಡೀಸೆಲ್ ಹಾಕಿಬಿಡಿ" ಎಂದರು. ಗುಜರಿಯಲ್ಲಿ ಹಳೆಯ ಮಹೀಂದ್ರ ಗಾಡಿಯ ಎಂಡಿಐ ಇಂಜಿನ್ ಒಂದು ಸಿಗುತ್ತಿದೆ. ಬರೀ ಇಂಜಿನ್, ಗೇರ್ ಬಾಕ್ಸ್ ಇಲ್ಲ.

ಗಾಡಿಯ ಕೆಲಸ ಎಂದರೆ ತೋಟದೊಳಗೆ ಟ್ರೇಲರಿಗೆ 50 ಕಿಲೋದ 12 ಚೀಲ ಹೇರಿ ಕಣಕ್ಕೆ ತರುವುದು, ವಾರಕ್ಕೊಮ್ಮೆ ಗೋಣಿಕೊಪ್ಪಕ್ಕೆ, ಅಪರೂಪಕ್ಕೆ ಮಡಿಕೇರಿಗೆ. ಈ ಇಂಜಿನ್ ನೇರ ಕೂರುತ್ತದಾ? ಟಿ90 ಬಾಕ್ಸ್ ತಡೆಯುತ್ತದಾ? ಆರ್‌ಸಿ ಏನಾಗುತ್ತದೆ? ಕೊಯ್ಲು ಶುರುವಾಗುವ ಮೊದಲು ಗಾಡಿ ಓಡಬೇಕು.

ಘಟ್ಟದಗಾಡಿ, ಮಡಿಕೇರಿ

ಇಂಜಿನಿಗೆ ಮುಂಗಡ ಕೊಡುವ ಮೊದಲು ಕಾಗದದ ವಿಷಯ ನೋಡಿಕೊಳ್ಳಿ. ಇಂಜಿನ್ ಕೂತ ಮೇಲೆ ಆರ್‌ಟಿಒಗೆ ಹೋದರೆ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಅದು ತಪ್ಪು.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ನಿಮ್ಮದರಲ್ಲಿ ಇಂಜಿನ್ ನಂಬರ್, ಸಿಸಿ, ಇಂಧನ ಮೂರೂ ಬದಲಾಗುತ್ತವೆ. ಹಾಗಾಗಿ ಮಡಿಕೇರಿ ಆರ್‌ಟಿಒದಲ್ಲಿ ಮೊದಲೇ ಲಿಖಿತ ಅರ್ಜಿ ಕೊಟ್ಟು, ಪೆಟ್ರೋಲ್ ಜೀಪಿಗೆ ಈ ಡೀಸೆಲ್ ಇಂಜಿನ್ ಒಪ್ಪುತ್ತಾರೋ ಇಲ್ಲವೋ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. "ಆಗುತ್ತೆ ಬಿಡಿ" ಎಂಬ ಬಾಯಿಮಾತಿನ ಮೇಲೆ ಇಂಜಿನ್ ತರಬೇಡಿ. ಒಪ್ಪಿಗೆ ಸಿಕ್ಕಿದರೆ, ಬದಲಾಯಿಸಿದ 14 ದಿನದೊಳಗೆ ಆರ್‌ಸಿ ಸಮೇತ ವರದಿ ಮಾಡಿ ನಮೂದು ಮಾಡಿಸಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ಕ್ಲೇಮ್ ನಿಲ್ಲಿಸಲು ಅವರಿಗೆ ಅದೊಂದೇ ಕಾರಣ ಸಾಕು.

ಗುಜರಿಯವರ ಹತ್ತಿರ ಇಂಜಿನ್ ಬಂದ ಗಾಡಿಯ ಆರ್‌ಸಿ ನಕಲು, ಗಾಡಿ ರದ್ದಾದ ದಾಖಲೆ, ಇಂಜಿನ್ ನಂಬರ್ ಬರೆದ ಬಿಲ್ಲು, ಈ ಮೂರೂ ಕೇಳಿ. ನಂಬರ್ ಉಜ್ಜಿದ ಬ್ಲಾಕ್ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡಿ.

ಇನ್ನೊಂದು ಮಾತು, ಇದು ನನಗೆ ಮುಖ್ಯ ಅನಿಸುತ್ತದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ನಿಯಮ ಸೇರಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಯಾವುದನ್ನೂ ಮಾರ್ಪಡಿಸದೆ ಮೂಲ ರೂಪದಲ್ಲೇ ಉಳಿದ ಗಾಡಿಗೆ ಮಾತ್ರ ಅದು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ "ವಿಎ" ಅಕ್ಷರ. ಆದರೆ ವಿಂಟೇಜ್ ನಂಬರ್ ಹಾಕಿಕೊಂಡ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಂಥವಕ್ಕಷ್ಟೇ. ವಾರವಾರ ಗೋಣಿಕೊಪ್ಪಕ್ಕೆ ಹೋಗುವ ನಿಮಗೆ ಇವತ್ತು ಅದು ಬೇಕಿಲ್ಲ. ಆದರೂ ಮುಂದೊಂದು ದಿನ ಮನೆಯವರು ಬೇಕು ಎಂದರೆ, ಡೀಸೆಲ್ ಕೂತ ಜೀಪಿಗೆ ಆ ಬಾಗಿಲು ಮುಚ್ಚಿರುತ್ತದೆ. ಹಳೇ ಇಂಜಿನ್ ತೆಗೆದರೂ ಗುಜರಿಗೆ ಮಾತ್ರ ಹಾಕಬೇಡಿ. ಎಣ್ಣೆ ಬಿಟ್ಟು, ಬಾಯಿಗಳನ್ನೆಲ್ಲ ಮುಚ್ಚಿ, ಶೆಡ್ಡಿನಲ್ಲಿ ಹಲಗೆಯ ಮೇಲೆ ಇಡಿ.

ಲೇತ್ಕೆಲಸ, ಕುಶಾಲನಗರ

ಕೂರುತ್ತದೆ, ಆದರೆ ನೇರ ಅಲ್ಲ. ಬರೀ ಇಂಜಿನ್ ತರುವುದಂತೂ ಬೇಡವೇ ಬೇಡ.

ಎಂಡಿಐ 2523 ಸಿಸಿ, ಬೋರ್ 88.9, ಸ್ಟ್ರೋಕ್ 101.6 ಮಿ.ಮೀ. 3200 ಎಂದು ಕರೆಯುವ ಮಾದರಿಯ ಪೂರ್ಣ ಶಕ್ತಿ 3200 ಆರ್‌ಪಿಎಂನಲ್ಲಿ 58 ಎಚ್‌ಪಿ. ನಿಮ್ಮ ಎಫ್-ಹೆಡ್ 2199 ಸಿಸಿ, ಕಾಗದದ ಮೇಲೆ 4000 ಆರ್‌ಪಿಎಂನಲ್ಲಿ 75. ಅಂದರೆ ನೀವು ಶಕ್ತಿ ಕೂಡಿಸುತ್ತಿಲ್ಲ. ಕಡಿಮೆ ಆರ್‌ಪಿಎಂನ ಎಳೆತ ಮತ್ತು ಇಂಧನದ ಉಳಿತಾಯವನ್ನು ಕೊಳ್ಳುತ್ತಿದ್ದೀರಿ. ಇದು ತಲೆಯಲ್ಲಿದ್ದರೆ ಮುಂದಿನ ಎಲ್ಲ ನಿರ್ಧಾರ ಸುಲಭ.

ಎಫ್-ಹೆಡ್ಡಿನ ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಚಿಪ್ಪು) ಡೀಸೆಲ್ ಬ್ಲಾಕಿಗೆ ಹೊಂದುವುದಿಲ್ಲ. ನಡುವೆ ಅಡಾಪ್ಟರ್ ಪ್ಲೇಟ್ ಹಾಕಿ ಟಿ90 ಉಳಿಸಿಕೊಳ್ಳುತ್ತೇನೆ ಎಂದರೆ ಪ್ಲೇಟಿನಲ್ಲಿ ಡೋವೆಲ್ ಪಿನ್ (ಜಾಗವನ್ನು ಕರಾರುವಾಕ್ಕಾಗಿ ಹಿಡಿಯುವ ಕಡ್ಡಿ) ಇರಲೇಬೇಕು. ಬೋಲ್ಟಿನ ತೂತು ಹೌಸಿಂಗನ್ನು ಬಿಗಿಯುತ್ತದೆ, ನಡುಮಧ್ಯಕ್ಕೆ ಕೂರಿಸುವುದಿಲ್ಲ. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ ಹೌಸಿಂಗಿನ ಒಳಬಾಯಿ ಸುತ್ತ ತಿರುಗಿಸಿ ನೋಡಿ. ಒಟ್ಟು ಓಟ 0.25 ಮಿ.ಮೀ. ದಾಟಬಾರದು. ದಾಟಿದರೆ ಇನ್‌ಪುಟ್ ಶಾಫ್ಟ್ ಓರೆಯಾಗಿ ತಿರುಗುತ್ತದೆ, ಪೈಲಟ್ ಬುಷ್ ತಿನ್ನುತ್ತದೆ, ಆಮೇಲೆ ಬೇರಿಂಗ್ ಕೂಗುತ್ತದೆ, ಕೊನೆಗೆ ಗೇರ್ ತಾನೇ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಇಳಿಜಾರಿನಲ್ಲಿ ಗೇರ್ ಹಾರುವುದು ಎಂದರೆ ಏನೆಂದು ಕೊಡಗಿನಲ್ಲಿ ಗಾಡಿ ಓಡಿಸುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೂ ಅಲ್ಲದೆ ಟಿ90ಯಲ್ಲಿ ಮೊದಲ ಗೇರಿಗೆ ಸಿಂಕ್ರೊ (ಗೇರ್ ಸದ್ದಿಲ್ಲದೆ ಬೀಳಲು ನೆರವಾಗುವ ಉಂಗುರ) ಇಲ್ಲ, ಇರುವುದು ಮೂರೇ ಗೇರು. ಡೀಸೆಲ್ಲಿನ ಒಂದೊಂದು ಹೊಡೆತವೂ ಹಲ್ಲಿನ ಮೇಲೇ ಬೀಳುತ್ತದೆ. ಟ್ರೇಲರ್ ಎಳೆಯುವ ಗಾಡಿಗೆ ನಾನು ಟಿ90 ಹೇಳುವುದಿಲ್ಲ. ಇಂಜಿನ್, ಬೆಲ್ ಹೌಸಿಂಗ್, ಕ್ಲಚ್, 4 ಗೇರಿನ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ), ಮೌಂಟಿಂಗ್ ರಬ್ಬರ್, ರೇಡಿಯೇಟರ್, ಸೆಲ್ಫ್ ಮೋಟರ್, ಆಲ್ಟರ್ನೇಟರ್, ಡೀಸೆಲ್ ಫಿಲ್ಟರ್ ಬಟ್ಟಲು, ಇಷ್ಟೂ ಒಂದೇ ಗಾಡಿಯಿಂದ ಒಂದೇ ಸಲ ತನ್ನಿ. ಬಿಡಿಬಿಡಿಯಾಗಿ ಹುಡುಕಿದರೆ ಇಂಜಿನಿನ ಬೆಲೆಗಿಂತ ಬ್ರಾಕೆಟ್ ಹುಡುಕಿದ ಖರ್ಚೇ ಜಾಸ್ತಿ.

ಟ್ರಾನ್ಸ್‌ಫರ್ ಕೇಸ್ ನೋಡುವಾಗ ಒಂದು ವಿಷಯ ತಪ್ಪಬಾರದು. ನಿಮ್ಮ ಜೀಪಿನ ಡಾನಾ 18 ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ನಡುಮಧ್ಯದಿಂದ ಹೊರಡುವುದಿಲ್ಲ, ಒಂದು ಬದಿಗೆ ಸರಿದಿದೆ. ಆಕ್ಸಲಿನ ಡಿಫರೆನ್ಷಿಯಲ್ ಕೂಡ ಅದೇ ಬದಿಗಿದೆ. ತರುವ ಕೇಸಿನ ಔಟ್‌ಪುಟ್ ಅದೇ ಬದಿಗೆ ಬರದಿದ್ದರೆ ಎರಡೂ ಆಕ್ಸಲ್ ಬದಲಾಯಿಸಬೇಕಾದೀತು. ಗುಜರಿಗೆ ಹೋಗುವಾಗಲೇ ಜೀಪಿನ ಅಡಿ ಮಲಗಿ ಫೋಟೊ ತೆಗೆದುಕೊಂಡು ಹೋಗಿ.

ಇಂಜಿನ್ ಖರೀದಿ ಪರೀಕ್ಷೆ: ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಎಣ್ಣೆ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ ರಿಂಗ್ ಹೋಗಿದೆ. ನಾಲ್ಕು ಸಿಲಿಂಡರಿನ ಕಂಪ್ರೆಷನ್ನಿನಲ್ಲಿ ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕ್ರ್ಯಾಂಕ್ ಪುಲ್ಲಿಯನ್ನು ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಥ್ರಸ್ಟ್ ಬೇರಿಂಗ್ ಸವೆದಿದೆ. ಡೀಸೆಲ್ ಪಂಪ್ ಮತ್ತು ನೋಸಲ್ (ಡೀಸೆಲ್ ಚಿಮ್ಮಿಸುವ ಬಾಯಿ) ಹೇಗಿದ್ದರೂ ಬೆಂಚಿಗೆ ಹಾಕಿ ಕ್ಯಾಲಿಬ್ರೇಷನ್ ಮಾಡಿಸಿಯೇ ಕೂರಿಸಿ.

ಹೊಸ ಕಾಮನ್ ರೈಲ್ (ಕಂಪ್ಯೂಟರಿನಿಂದ ನಡೆಯುವ ಡೀಸೆಲ್) ಇಂಜಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಸಿಯು ಎಂಬ ಕಂಪ್ಯೂಟರ್, ಪೂರ್ತಿ ವೈರಿಂಗ್ ಹಾರ್ನೆಸ್, ಪೆಡಲ್ ಸೆನ್ಸರ್, ಕೀಲಿಯ ಲಾಕ್ ಎಲ್ಲ ಒಂದಕ್ಕೊಂದು ಹೊಂದಿರಬೇಕು. ಮೇಲೆ ಕ್ಯಾನ್ವಾಸ್ ಹುಡ್, ಪಕ್ಕದಲ್ಲಿ ಬಾಗಿಲಿಲ್ಲದ ಜೀಪಿನಲ್ಲಿ ಒಂದು ಮಳೆಗಾಲ ಆ ಕನೆಕ್ಟರುಗಳು ಬಾಳುವುದಿಲ್ಲ.

ಇನ್ನು ಕೂರಿಸುವುದು. ಹಳೇ ಇಂಜಿನ್ ಎತ್ತುವ ಮೊದಲು, ಸಮನೆಲದ ಮೇಲೆ ಮುಂದಿನ ಆಕ್ಸಲಿನಿಂದ ಚಾಸಿ ರೇಲಿನವರೆಗೆ ಎರಡೂ ಬದಿ ಎತ್ತರ ಅಳೆದು ಬರೆದಿಡಿ. ಎಫ್-ಹೆಡ್ ತನ್ನ ಮುಂದಿನ ಪ್ಲೇಟಿನ ಎರಡು ಮೌಂಟಿಂಗ್ ಮತ್ತು ಹಿಂದೆ ಗೇರ್ ಬಾಕ್ಸಿನ ಅಡಿಯ ಮೌಂಟಿಂಗ್ ಮೇಲೆ ಕೂತಿರುತ್ತದೆ. ಅಂದರೆ ಭಾರ ಎರಡು ಅಡ್ಡಪಟ್ಟಿಗಳ ಮೇಲಿದೆ. ಡೀಸೆಲ್ಲಿನ ಮೌಂಟಿಂಗ್ ಬ್ಲಾಕಿನ ಪಕ್ಕಕ್ಕೆ ಬಂದರೆ ಭಾರ ರೇಲಿನ ನಡುವಿಗೆ ಬೀಳುತ್ತದೆ. ಬ್ರಾಕೆಟನ್ನು ಬರೀ ರೇಲಿಗೆ ಬೆಸುಗೆ ಹಾಕಿ ಬಿಟ್ಟರೆ ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ. ಮೊದಲು 5 ಮಿ.ಮೀ. ಪ್ಲೇಟನ್ನು ವಜ್ರದಾಕಾರಕ್ಕೆ ಕತ್ತರಿಸಿ ರೇಲಿನ ಪಕ್ಕಕ್ಕೆ ಹಾಕಿ, ಬ್ರಾಕೆಟ್ ಅದರ ಮೇಲೆ ಬರಲಿ. ರೇಲಿನ ಮೇಲಂಚು, ಕೆಳಂಚಿಗೆ ಅಡ್ಡಲಾಗಿ ಬೆಸುಗೆ ಎಳೆಯಬೇಡಿ. 60 ವರ್ಷದ ರೇಲಿನೊಳಗೆ ತುಕ್ಕು ಎಷ್ಟಿದೆ ಎಂದು ಸುತ್ತಿಗೆಯಿಂದ ತಟ್ಟಿ ನೋಡುವುದು ಇದಕ್ಕೂ ಮೊದಲಿನ ಕೆಲಸ.

ಸಿಜೆ3ಬಿಗೆ ಒಂದು ಅನುಕೂಲ ಇದೆ. ಎಫ್-ಹೆಡ್ ಎತ್ತರದ ಇಂಜಿನ್ ಆದ್ದರಿಂದಲೇ ಇದರ ಬಾನೆಟ್ಟನ್ನು ಎತ್ತರಿಸಿ ಮಾಡಿದ್ದು, ಹಾಗಾಗಿ ಮೇಲೆ ಜಾಗ ಸಿಗುತ್ತದೆ. ಇಕ್ಕಟ್ಟು ಇರುವುದು ಮುಂದೆ ಮತ್ತು ಕೆಳಗೆ. ಫ್ಯಾನಿನಿಂದ ರೇಡಿಯೇಟರಿಗೆ 25 ಮಿ.ಮೀ. ಅಂತರ ಬೇಕು. ಸ್ಪ್ರಿಂಗ್ ಪೂರ್ತಿ ಒತ್ತಿದಾಗಲೂ ಆಕ್ಸಲ್ ಮತ್ತು ಸಂಪ್ (ಇಂಜಿನಿನ ಅಡಿಯ ಎಣ್ಣೆ ತಟ್ಟೆ) ನಡುವೆ 40 ಮಿ.ಮೀ. ಉಳಿಯಬೇಕು. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಸಂಪಿಗೂ ಸೈಲೆನ್ಸರ್ ಪೈಪಿಗೂ ತಾಗಬಾರದು. ಸ್ಟೇರಿಂಗ್ ಬಾಕ್ಸ್ ಇರುವ ಬದಿಯಲ್ಲಿ ಏನು ಬರುತ್ತದೆ ಎಂದು ಇಂಜಿನ್ ತೂಗುಹಾಕಿಯೇ ನೋಡಬೇಕು. ಮೊದಲ ಸಲ ಬರೀ ಟ್ಯಾಕ್ ಬೆಸುಗೆ, ಅಂದರೆ ಅಲ್ಲಲ್ಲಿ ಚುಕ್ಕೆ ಬೆಸುಗೆ. ಎಲ್ಲ ಒಮ್ಮೆ ಜೋಡಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಎರಡೂ ಕಡೆಗೆ 25 ಮಿ.ಮೀ. ಓಡುತ್ತದಾ ನೋಡಿ. ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಮತ್ತು ಡಿಫರೆನ್ಷಿಯಲ್ ಪಿನಿಯನ್ನಿನ ಓರೆ ಒಂದಕ್ಕೊಂದು 1 ಡಿಗ್ರಿಯೊಳಗೆ ಸಮಾನಾಂತರ ಇರಲಿ, ಇಲ್ಲದಿದ್ದರೆ 50ರ ವೇಗದಲ್ಲಿ ನಡುಕ ಬರುತ್ತದೆ. ಆಮೇಲೆ ಎಲ್ಲ ಇಳಿಸಿ ಪೂರ್ತಿ ಬೆಸುಗೆ.

ಕೊನೆಗೆ ಮತ್ತೆ ಎತ್ತರ ಅಳೆಯಿರಿ. ಮೊದಲಿಗಿಂತ 25 ಮಿ.ಮೀ.ಗಿಂತ ಹೆಚ್ಚು ಕುಸಿದಿದ್ದರೆ ಮುಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಬೇಕು.

ಮೆಣಸುಬಳ್ಳಿ, ಪೊನ್ನಂಪೇಟೆ

ಇಬ್ಬರಿಗೂ ತುಂಬಾ ಧನ್ಯವಾದ. ಪೂರ್ತಿ ಸೆಟ್ ಇದ್ದರೆ ಮಾತ್ರ ನೋಡುತ್ತೇನೆ. ಎರಡು ಸಂಶಯ. ಎಂಡಿಐ ಹಾಕಿದರೆ ರಸ್ತೆಯಲ್ಲಿ ಎಷ್ಟು ವೇಗ ಸಿಗುತ್ತದೆ? ಇಳಿಜಾರಿನಲ್ಲಿ ಡೀಸೆಲ್ ಇಂಜಿನ್ ಚೆನ್ನಾಗಿ ಹಿಡಿದುಕೊಳ್ಳುತ್ತದೆ ಎನ್ನುತ್ತಾರೆ, ಹಾಗಾದರೆ ಬ್ರೇಕ್ ಈಗಿರುವುದೇ ಸಾಕಾಗಬಹುದಾ? ಡ್ರಮ್ 9 ಇಂಚಿನದು.

ಲೇತ್ಕೆಲಸ, ಕುಶಾಲನಗರ

ಮೊದಲು ಆಕ್ಸಲಿನ ರೇಷಿಯೊ ಎಣಿಸಿ. ಹಿಂದಿನ ಎರಡೂ ಚಕ್ರ ಎತ್ತಿ, ನ್ಯೂಟ್ರಲ್ಲಿನಲ್ಲಿಟ್ಟು, ಎರಡನ್ನೂ ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ನೋಡಿ. ಒಂದೇ ಚಕ್ರ ಎತ್ತಿದ್ದರೆ ಅದನ್ನು ಎರಡು ಸುತ್ತು ತಿರುಗಿಸಬೇಕು. ಐದೂ ಕಾಲಿಗಿಂತ ಸ್ವಲ್ಪ ಜಾಸ್ತಿ ಬಂದರೆ 5.38, ಅಂದರೆ ಡಿಫರೆನ್ಷಿಯಲ್ಲಿನ ದೊಡ್ಡ ಗೇರಾದ ಕ್ರೌನಿನಲ್ಲಿ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ನಿನಲ್ಲಿ 8.

ಲೆಕ್ಕ ಹೀಗೆ: 6.00-16 ಟಯರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಓಡುತ್ತದೆ. ಟಾಪ್ ಗೇರ್ ನೇರ, ಅಂದರೆ 1:1. 3200 ಆರ್‌ಪಿಎಂನಲ್ಲಿ 5.38ಕ್ಕೆ ಗಂಟೆಗೆ 78 ಕಿ.ಮೀ. ಬರುತ್ತದೆ, ಅದೂ ಇಂಜಿನ್ ಕೂಗುವ ಗಡಿಯಲ್ಲಿ. ನೆಮ್ಮದಿಯಾಗಿ ಓಡುವುದು 55ರಿಂದ 60. ಅದೇ ಎಫ್-ಹೆಡ್ 4000ದಲ್ಲಿ 98 ತೋರಿಸುತ್ತದೆ. ಕ್ರೌನ್ ಪಿನಿಯನ್ 4.88 ಹಾಕಿದರೆ ಎಂಡಿಐನಲ್ಲಿ 86, 4.27 ಹಾಕಿದರೆ 99. ತೋಟದ ಏರಿಗೆ ಟ್ರೇಲರ್ ಎಳೆಯಬೇಕಾದ ನಿಮಗೆ 4.27 ಬೇಡ, 5.38 ಅಥವಾ 4.88 ಸಾಕು. ಹಿಂದಿನದು ಬದಲಾಯಿಸಿದರೆ ಮುಂದಿನದನ್ನೂ ಅದಕ್ಕೆ ಸರಿಹೊಂದಿಸಲೇಬೇಕು. ಎರಡು ಬೇರೆ ಬೇರೆ ರೇಷಿಯೊ ಇಟ್ಟು ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

ಎತ್ತರದ ಊರಿನಲ್ಲಿ ಟರ್ಬೊ ಇಲ್ಲದ ಇಂಜಿನ್ 100 ಮೀಟರಿಗೆ ಸುಮಾರು ಶೇಕಡ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿ 1,100 ಮೀಟರಿಗಿಂತ ಮೇಲಿದೆ, ಅಲ್ಲಿ 58ರ ಬದಲು 51-52 ಎಂದು ಲೆಕ್ಕ ಹಾಕಿ.

ಬ್ರೇಕಿನ ವಿಷಯದಲ್ಲಿ ನೀವು ಕೇಳಿದ ಮಾತು ಉಲ್ಟಾ. ಪೆಟ್ರೋಲ್ ಇಂಜಿನಿನಲ್ಲಿ ಕಾಲು ತೆಗೆದ ಕೂಡಲೇ ಕಾರ್ಬೊರೇಟರಿನ ಬಾಗಿಲು ಮುಚ್ಚುತ್ತದೆ, ಪಿಸ್ಟನ್ ಖಾಲಿ ಮ್ಯಾನಿಫೋಲ್ಡಿನಿಂದ ಗಾಳಿ ಎಳೆಯಲು ಹೆಣಗುತ್ತದೆ, ಆ ಹೆಣಗಾಟವೇ ಗಾಡಿಯನ್ನು ಹಿಡಿಯುವುದು. ಡೀಸೆಲ್ಲಿಗೆ ಆ ಬಾಗಿಲೇ ಇಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ ಪಿಸ್ಟನ್ನನ್ನು ವಾಪಸ್ ತಳ್ಳುತ್ತದೆ. ಒಂದೇ ಆರ್‌ಪಿಎಂನಲ್ಲಿ ಹೋಲಿಸಿದರೆ ಡೀಸೆಲ್ಲಿನ ಹಿಡಿತ ಕಡಿಮೆಯೇ. ಮಡಿಕೇರಿಯಿಂದ ಸಂಪಾಜೆಗೆ ಹೆದ್ದಾರಿ 275ರಲ್ಲಿ ಇಳಿಯುವಾಗ, ಮುಂದೆ ಭಾರದ ಇಂಜಿನ್, ಹಿಂದೆ ಟ್ರೇಲರ್, ನಡುವೆ ಒಂದೇ ಸರ್ಕ್ಯೂಟಿನ 9 ಇಂಚಿನ ಡ್ರಮ್ ಇದ್ದರೆ ಅದು ಸಾಲದು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಸೆಟ್ ತರುವ ಗಾಡಿಯಿಂದಲೇ ದೊಡ್ಡ ಡ್ರಮ್, ಬ್ಯಾಕ್ ಪ್ಲೇಟ್, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ತನ್ನಿ. ಬ್ರೇಕ್ ಬೂಸ್ಟರ್ ಇದ್ದರೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಕೂಡ ಬೇಕು. ಡೀಸೆಲ್ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಬ್ರೇಕ್ ಮೊದಲು, ಇಂಜಿನ್ ಆಮೇಲೆ. ಈ ಕ್ರಮ ತಿರುಗಿಸಬೇಡಿ.

ಕ್ಲಚ್ಚಿಗೆ ಹಳೇ ಸರಳು-ಕೇಬಲ್ ಜೋಡಣೆ ಬಿಟ್ಟು ಹೈಡ್ರಾಲಿಕ್ ಸ್ಲೇವ್ ಸಿಲಿಂಡರ್ ಹಾಕಿ. ಡೀಸೆಲ್ ಇಂಜಿನ್ ರಬ್ಬರಿನ ಮೇಲೆ ಜಾಸ್ತಿ ಅಲುಗುತ್ತದೆ, ಸರಳಿನ ಜೋಡಣೆಯಲ್ಲಿ ಆ ಅಲುಗಾಟ ಕ್ಲಚ್ಚಿಗೆ ಸೇರಿ ಗಾಡಿ ಕುಪ್ಪಳಿಸುತ್ತದೆ.

ಫ್ಯೂಸ್ತಂತಿ, ವಿರಾಜಪೇಟೆ

ವೈರಿಂಗ್ ಮತ್ತು ಡೀಸೆಲ್ ಲೈನಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಜೀಪ್ ಇನ್ನೂ 6 ವೋಲ್ಟಿನಲ್ಲಿದ್ದರೆ ಎಲ್ಲ 12ಕ್ಕೆ ಬರಬೇಕು. ಬಲ್ಬು, ಹಾರ್ನ್ ಬದಲಾಯಿಸಿ, ಪೆಟ್ರೋಲ್ ಗೇಜಿಗೆ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಹಾಕಿ. ಹಳೇ ವೈರ್ ದಪ್ಪ ಇರುತ್ತದೆ, ಬಟ್ಟೆ ಸುತ್ತಿದ್ದು ಉದುರುತ್ತಿದ್ದರೆ ಮಾತ್ರ ಎಳೆದು ಹಾಕಿ. ಸೆಲ್ಫ್ ಮೋಟರಿಗೆ 50 ಚದರ ಮಿ.ಮೀ. ತಾಮ್ರದ ಕೇಬಲ್, ಇಂಜಿನಿನಿಂದ ಚಾಸಿಗೆ ಅಷ್ಟೇ ದಪ್ಪದ ಅರ್ಥ್ ಪಟ್ಟಿ. ಅರ್ಥ್ ಮರೆತರೆ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಕೇಬಲ್ ಸುಟ್ಟು ಹಿಡಿದುಕೊಳ್ಳುತ್ತದೆ.

ವೈಪರ್! ಸಿಜೆ3ಬಿಯಲ್ಲಿ ವ್ಯಾಕ್ಯೂಮ್ ವೈಪರ್ ಇದ್ದರೆ ಡೀಸೆಲ್ ಕೂತ ದಿನವೇ ಅದು ನಿಲ್ಲುತ್ತದೆ. ಜೂನ್ ತಿಂಗಳಲ್ಲಿ ಇದು ಗೊತ್ತಾಗುವುದು ಬೇಡ, ಮೊದಲೇ 12 ವೋಲ್ಟಿನ ಮೋಟರ್ ಹಾಕಿ.

ಟ್ಯಾಂಕ್ ಡ್ರೈವರ್ ಸೀಟಿನ ಕೆಳಗಿದೆ. ಹಳೇ ಪೆಟ್ರೋಲಿನ ಅಂಟನ್ನು ಡೀಸೆಲ್ ಕರಗಿಸಿ ಫಿಲ್ಟರಿಗೆ ತರುತ್ತದೆ, ಆದ್ದರಿಂದ ಟ್ಯಾಂಕ್ ಇಳಿಸಿ ಪೂರ್ತಿ ತೊಳೆಸಿ. ಪಂಪ್ ಮತ್ತು ನೋಸಲ್ಲಿನಿಂದ ವಾಪಸ್ ಬರುವ ಲೈನನ್ನು ಟ್ಯಾಂಕಿನವರೆಗೂ ಎಳೆಯಬೇಕು, ಫಿಲ್ಟರಿನ ಮುಂದೆ ಟಿ ಹಾಕಿ ಮುಗಿಸಿದರೆ ಏರ್ ಸುತ್ತುತ್ತಲೇ ಇರುತ್ತದೆ. ನೀರು ಬೇರ್ಪಡಿಸುವ ಬಟ್ಟಲು ಕಡ್ಡಾಯ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಟ್ಟರೆ ಒಳಗೆ ತೇವ ಕಟ್ಟುವುದು ಕಡಿಮೆ. ಏರ್ ತೆಗೆಯುವ ಕ್ರಮ: ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ, ಕೊನೆಗೆ ನೋಸಲ್ಲಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವುದು.

ಕೀಲಿ ತಿರುಗಿಸಿದರೆ ಈ ಇಂಜಿನ್ ನಿಲ್ಲುವುದಿಲ್ಲ, ಸ್ಟಾಪ್ ಕೇಬಲ್ ಡ್ಯಾಶಿಗೆ ತರಬೇಕು. ಸ್ಪೀಡೊಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ ಇಂಜಿನ್ ಬದಲಾದರೆ ಅದಕ್ಕೇನೂ ಆಗದು, ಆಕ್ಸಲ್ ರೇಷಿಯೊ ಬದಲಾದರೆ ಮಾತ್ರ ತಪ್ಪು ತೋರಿಸುತ್ತದೆ.

ಹಳೇಪಿಸ್ಟನ್, ನಾಪೋಕ್ಲು

ಎಲ್ಲರೂ ಇಂಜಿನ್ ಸತ್ತಿದೆ ಎಂದು ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ಸತ್ತಿದೆ ಎಂದು ಅಳೆದವರು ಯಾರು? ನೀಲಿ ಹೊಗೆ ಇಲ್ಲ ಎನ್ನುತ್ತಿದ್ದಾರೆ. ರಿಂಗು, ಬೋರ್ ಹೋದ ಇಂಜಿನ್ ಹೊಗೆ ಬಿಡದೆ ಇರುವುದಿಲ್ಲ.

ಮೆಣಸುಬಳ್ಳಿಯವರೇ, ಒಂದು ಕಂಪ್ರೆಷನ್ ಗೇಜ್ ತನ್ನಿ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲಿನ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಒಂದೊಂದು ಸಿಲಿಂಡರಿಗೂ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಒಳ್ಳೆಯ ಎಫ್-ಹೆಡ್ ಸಮುದ್ರಮಟ್ಟದಲ್ಲಿ 120ರಿಂದ 130 ಪಿಎಸ್‌ಐ ಕೊಡುತ್ತದೆ. ನಿಮ್ಮ ಎತ್ತರದಲ್ಲಿ 10-12 ಕಡಿಮೆ ಬರುವುದು ಸಹಜ. ಒಂದಕ್ಕೊಂದು 10ರೊಳಗೆ ಇರಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಈ ಇಂಜಿನಿನಲ್ಲಿ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಎಕ್ಸಾಸ್ಟ್ ಕಡೆ ಯಾರೂ ಕೈಹಾಕುವುದಿಲ್ಲ, ಏಕೆಂದರೆ ಅದನ್ನು ಹೊಂದಿಸಲು ಬ್ಲಾಕಿನ ಪಕ್ಕದ ಮುಚ್ಚಳ ಬಿಚ್ಚಬೇಕು. ತಣ್ಣಗಿರುವಾಗ ಇನ್‌ಲೆಟ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು. ಎಕ್ಸಾಸ್ಟ್ ಬಿಗಿಯಾದರೆ ಬಿಸಿಯಲ್ಲಿ ವಾಲ್ವ್ ಕೂರುವುದಿಲ್ಲ, ಸುಡುತ್ತದೆ, ಎಳೆತ ಹೋಗುತ್ತದೆ. ಬಹಳ ಎಫ್-ಹೆಡ್ಡುಗಳು ಇಷ್ಟಕ್ಕೇ ಗುಜರಿ ಸೇರಿವೆ. ಅದು ನ್ಯಾಯವಲ್ಲ.

ಮೆಣಸುಬಳ್ಳಿ, ಪೊನ್ನಂಪೇಟೆ

ಗೇಜ್ ತಂದು ನೋಡಿದೆವು. ರೇಡಿಯೇಟರ್ ಕಡೆಯಿಂದ 1ನೇ ಸಿಲಿಂಡರ್ 112, 2ನೇದು 110, 3ನೇದು 62, 4ನೇದು 60. ಆಯಿಲ್ ಹಾಕಿದ ಮೇಲೆ 3 ಮತ್ತು 4 ಎರಡೂ 65. ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ಬರುತ್ತಿದೆ. ಆಕ್ಸಲ್ ಎಣಿಸಿದೆ, ಐದೂ ಕಾಲಿಗಿಂತ ಸ್ವಲ್ಪ ಜಾಸ್ತಿ.

ಹಳೇಪಿಸ್ಟನ್, ನಾಪೋಕ್ಲು

1 ಮತ್ತು 2 ನಿಮ್ಮ ಎತ್ತರಕ್ಕೆ ಒಳ್ಳೆಯ ಅಂಕಿ. 3 ಮತ್ತು 4 ಅಕ್ಕಪಕ್ಕದವು, ಎರಡೂ ಒಂದೇ ಸಮ ಬಿದ್ದಿವೆ, ಆಯಿಲಿಗೆ ಏರಲಿಲ್ಲ, ನೀರಿನಲ್ಲಿ ಗುಳ್ಳೆ. ಆ ಎರಡರ ನಡುವೆ ಹೆಡ್ ಗ್ಯಾಸ್ಕೆಟ್ ಹಾರಿದೆ, ಅಲ್ಲಿಂದಲೇ ಗ್ಯಾಸ್ ನೀರಿಗೂ ನುಗ್ಗುತ್ತಿದೆ. ಕುದಿಯುವುದೂ, ಎಳೆತ ಇಲ್ಲದಿರುವುದೂ ಒಂದೇ ಕಾರಣಕ್ಕೆ. ಬ್ಲಾಕಿನಲ್ಲಿ ಬಿರುಕಿನ ಸಾಧ್ಯತೆ ಇನ್ನೂ ಪೂರ್ತಿ ಹೋಗಿಲ್ಲ, ಹೆಡ್ ಎತ್ತಿದಾಗ ಗೊತ್ತಾಗುತ್ತದೆ.

ಹೆಡ್ ಬಿಚ್ಚುವವರಿಗೆ ಇದನ್ನು ಮರೆಯದೆ ಹೇಳಿ: ಒಂದು ಹೆಡ್ ಬೋಲ್ಟ್ ಕಾರ್ಬೊರೇಟರಿನ ಕೆಳಗೆ, ಗಾಳಿ ಹೋಗುವ ದಾರಿಯ ಒಳಗೇ ಇದೆ. ಕಾರ್ಬೊರೇಟರ್ ತೆಗೆದು ಬಗ್ಗಿ ನೋಡದಿದ್ದರೆ ಕಾಣುವುದಿಲ್ಲ. ಅದನ್ನು ಬಿಟ್ಟು ಬಾಕಿಯೆಲ್ಲ ಬಿಚ್ಚಿ, ಸಲಾಕೆ ಹಾಕಿ ಮೀಟಿ ಹೆಡ್ ಒಡೆಯುತ್ತಾರೆ. ಬೋಲ್ಟ್ ಸಡಿಲಿಸುವುದು ಹೊರಗಿನಿಂದ ಒಳಕ್ಕೆ, ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಕೊನೆಗೆ 60ರಿಂದ 70 ಪೌಂಡ್-ಅಡಿ. ಕಾರ್ಬೊರೇಟರ್ ಕೂರಿಸುವ ಮೊದಲು ಒಳಗಿನ ಬೋಲ್ಟೂ ಬಿಗಿಯಾಗಿದೆಯಾ ನೋಡಿ.

ಹೆಡ್ ಎತ್ತಿದ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಹೆಡ್ ಮತ್ತು ಬ್ಲಾಕ್ ಎರಡರ ಸಮತಲ ನೋಡಿ. 3-4ರ ನಡುವಿನ ಸೇತುವೆಯಲ್ಲಿ ಗ್ಯಾಸ್ ಕೊರೆದ ಗೀರು ಇದೆಯಾ, ಎಕ್ಸಾಸ್ಟ್ ಸೀಟಿನಿಂದ ಬೋರಿನ ಕಡೆಗೆ ಕೂದಲೆಳೆಯ ಬಿರುಕು ಇದೆಯಾ ಭೂತಗನ್ನಡಿಯಲ್ಲಿ ಹುಡುಕಿ. ಗೀರು ಮಾತ್ರ ಇದ್ದರೆ ಹೆಡ್ ಫೇಸಿಂಗ್ ಸಾಕು. ಹೇಗೂ ಹೆಡ್ ಬಿಚ್ಚಿರುತ್ತದೆ, ಎಕ್ಸಾಸ್ಟ್ ವಾಲ್ವ್ ಉಜ್ಜಿಸಿ, ಸೀಟು ಸವೆದಿದ್ದರೆ ಗಟ್ಟಿ ಇನ್ಸರ್ಟ್ ಕೂರಿಸಿ. ಸೀಸ ಇಲ್ಲದ ಪೆಟ್ರೋಲಿಗೆ ಹಳೇ ಸೀಟು ಬಾಳುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20, ಅದರಲ್ಲಿ ಶೇಕಡ 20 ಎಥನಾಲ್. ಹಳೇ ರಬ್ಬರ್ ಹೋಸು, ಪೆಟ್ರೋಲ್ ಪಂಪಿನ ಡಯಾಫ್ರಾಂ ಮೃದುವಾಗಿ ಸೀಳುತ್ತವೆ, ಪಂಪಿನದು ಸೀಳಿದರೆ ಪೆಟ್ರೋಲ್ ನೇರ ಸಂಪಿಗೆ ಇಳಿಯುತ್ತದೆ. ಎರಡನ್ನೂ ಎಥನಾಲ್ ತಡೆಯುವ ರಬ್ಬರಿನವು ಹಾಕಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಇ20 ನೀರು ಹೀರಿ ಟ್ಯಾಂಕಿನ ತಳ ತುಕ್ಕು ಹಿಡಿಸುತ್ತದೆ.

ಲೇತ್ಕೆಲಸ, ಕುಶಾಲನಗರ

ಹಳೇಪಿಸ್ಟನ್ ಅಣ್ಣ ಹೇಳಿದ್ದು ಸರಿ. ಈ ಅಂಕಿ ನೋಡಿದ ಮೇಲೆ ನಾನೂ ಎಂಡಿಐ ತನ್ನಿ ಎನ್ನುವುದಿಲ್ಲ. ಹೆಡ್ ಬಿಚ್ಚುವ ಕೆಲಸ ಮೂರ್ನಾಲ್ಕು ದಿನದ್ದು, ಇಂಜಿನ್ ಬದಲಾವಣೆ ಒಂದೂವರೆ ತಿಂಗಳಿಗೂ ಮುಗಿಯದಿರಬಹುದು. ಬ್ಲಾಕಿನಲ್ಲಿ ಬಿರುಕು ಕಂಡರೆ ಮಾತ್ರ ಮತ್ತೆ ಮಾತಾಡೋಣ. ಗುಜರಿಯವರಿಗೆ ಅಲ್ಲಿಯವರೆಗೆ ಮುಂಗಡ ಕೊಡಬೇಡಿ.

ಆದರೆ ಬ್ರೇಕಿನ ಮಾತು ಇಂಜಿನ್ ಯಾವುದಿದ್ದರೂ ನಿಲ್ಲುತ್ತದೆ. 12 ಚೀಲದ ಟ್ರೇಲರ್ ಕಟ್ಟುವ ಜೀಪಿಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರನ್ನು ಈ ಸಲವೇ ಹಾಕಿಸಿ.

ಮೆಣಸುಬಳ್ಳಿ, ಪೊನ್ನಂಪೇಟೆ

ಸೋಮವಾರ ಹೆಡ್ ಎತ್ತಿಸುತ್ತೇನೆ. ಕಾರ್ಬೊರೇಟರ್ ಕೆಳಗಿನ ಬೋಲ್ಟಿನ ವಿಷಯ ಚೀಟಿಯಲ್ಲಿ ಬರೆದು ಬಾನೆಟ್ಟಿಗೆ ಅಂಟಿಸಿದ್ದೇನೆ. 3-4ರ ನಡುವಿನ ಫೋಟೊ ಇಲ್ಲೇ ಹಾಕುತ್ತೇನೆ.